‘ಉಚಿತ ಪ್ರೀ-ಕೆ’ ಘೋಷಣೆಯ ಲೆಕ್ಕ ನೋಡುವುದು ಹೇಗೆ?

ಅಮೆರಿಕದಲ್ಲಿ ಕಿಂಡರ್‌ಗಾರ್ಟನ್‌ಗೂ ಮೊದಲು, ಮುಖ್ಯವಾಗಿ ನಾಲ್ಕು ವರ್ಷದ ಮಕ್ಕಳಿಗಾಗಿ ನಡೆಯುವ ತರಗತಿಗೆ ಪ್ರೀ-ಕೆ ಎನ್ನುತ್ತಾರೆ. ಚುನಾವಣೆ ಹತ್ತಿರ ಬಂದರೆ ಇದನ್ನು ಎಲ್ಲರಿಗೂ ಉಚಿತವಾಗಿ ಕೊಡುವ ಭರವಸೆ, ಜೊತೆಗೊಂದು ಕೋಟಿಗಟ್ಟಲೆ ಡಾಲರ್‌ಗಳ ಅಂಕಿ. ಅದರಲ್ಲಿ ಎಷ್ಟು ಹುರುಳಿದೆ ಎಂದು ತಿಳಿಯಲು ಹೀಗೆ ಮಾಡಿ.

1. ದುಡ್ಡು ಎಲ್ಲಿಂದ ಬರುತ್ತದೆ ನೋಡಿ

ಜಾರ್ಜಿಯಾ ರಾಜ್ಯ ಪ್ರೀ-ಕೆಯನ್ನು ಲಾಟರಿ ಆದಾಯದಿಂದ ನಡೆಸುತ್ತಿದೆ. ಸ್ಯಾನ್ ಆಂಟೋನಿಯೊ ನಗರದ ಮತದಾರರು 2012ರಲ್ಲಿ ಇದಕ್ಕಾಗಿ ಮಾರಾಟ ತೆರಿಗೆಯನ್ನು ತುಸು ಏರಿಸಲು ಒಪ್ಪಿದರು. ಫಿಲಡೆಲ್ಫಿಯಾದಲ್ಲಿ 2017ರಿಂದ ಸಿಹಿ ಪಾನೀಯಗಳ ಮೇಲೆ ಔನ್ಸಿಗೆ ಒಂದೂವರೆ ಸೆಂಟ್ ತೆರಿಗೆ. ಜನ ಕುಡಿಯುವುದು ಕಡಿಮೆ ಮಾಡಿದಷ್ಟೂ ಈ ಆದಾಯ ಇಳಿಯುತ್ತದೆ; ಹಲ್ಲಿನ ವೈದ್ಯರಿಗೆ ಖುಷಿ, ಶಾಲೆಗೆ ಚಿಂತೆ. ಒಕ್ಲಹೋಮ 1998ರಲ್ಲಿ ಬೇರೆ ದಾರಿ ಹಿಡಿಯಿತು. ನಾಲ್ಕು ವರ್ಷದ ಎಲ್ಲ ಮಕ್ಕಳನ್ನೂ ಮಾಮೂಲಿ ಶಾಲಾ ಅನುದಾನದ ಸೂತ್ರಕ್ಕೇ ಸೇರಿಸಿತು. ಮಗು ದಾಖಲಾದರೆ ಅನುದಾನ ಬಂತು. ನನ್ನ ಮಟ್ಟಿಗೆ ಗಟ್ಟಿಯಾದ ವ್ಯವಸ್ಥೆ ಇದೇ.

2. ಒಟ್ಟು ಮೊತ್ತವನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿ

ಬಂದ ಉತ್ತರವನ್ನು ಅದೇ ರಾಜ್ಯ ಒಂದನೇ ತರಗತಿಯ ಮಗುವಿಗೆ ಮಾಡುವ ಖರ್ಚಿನ ಪಕ್ಕದಲ್ಲಿಡಿ. ತರಗತಿ ಇಡೀ ದಿನದ್ದೋ ಅರ್ಧ ದಿನದ್ದೋ ಎಂಬುದನ್ನೂ ಗಮನಿಸಿ. ರಾಜ್ಯವಾರು ಅಂಕಿಗಳು ರಟ್ಗರ್ಸ್ ವಿಶ್ವವಿದ್ಯಾಲಯದ ಆರಂಭಿಕ ಶಿಕ್ಷಣ ಸಂಶೋಧನಾ ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಸಿಗುತ್ತವೆ.

3. ಶಿಕ್ಷಕರ ಸಂಬಳದ ಸಾಲು ಹುಡುಕಿ

ಉಳಿದದ್ದಕ್ಕೆ ಸಮಯವಿಲ್ಲದಿದ್ದರೂ ಇದನ್ನು ಬಿಡಬೇಡಿ. ಪ್ರೀ-ಕೆ ತರಗತಿಯಲ್ಲಿ ನೀರಿನ ತೊಟ್ಟಿಯ ಮುಂದೆ ನಿಂತ ಮಗು ಮರದ ತುಂಡೊಂದನ್ನು ಒತ್ತಿ ಮುಳುಗಿಸುತ್ತದೆ, ಅದು ಮೇಲೆ ಬರುತ್ತದೆ. ‘ಇದ್ಯಾಕೆ ಮುಳುಗ್ತಿಲ್ಲ?’ ಎಂದು ಶಿಕ್ಷಕಿ ಕೇಳಿ, ಉತ್ತರಕ್ಕೆ ಕಾಯಬೇಕು. ಇಪ್ಪತ್ತು ಮಕ್ಕಳಿಗೆ ಒಬ್ಬರೇ ಇದ್ದರೆ ಕಾಯಲು ಪುರಸೊತ್ತೆಲ್ಲಿ? ರಟ್ಗರ್ಸ್‌ನ ಆ ಸಂಶೋಧನಾ ಸಂಸ್ಥೆಯ ಮಾನದಂಡವೂ ತರಗತಿಗೆ ಹೆಚ್ಚೆಂದರೆ ಇಪ್ಪತ್ತು ಮಕ್ಕಳು, ಹತ್ತು ಮಕ್ಕಳಿಗೆ ಒಬ್ಬ ಸಿಬ್ಬಂದಿ ಎನ್ನುತ್ತದೆ. ಒಕ್ಲಹೋಮದಲ್ಲಿ ಪ್ರೀ-ಕೆ ಶಿಕ್ಷಕರಿಗೆ ಪದವಿ ಕಡ್ಡಾಯ, ಸಂಬಳ ಉಳಿದ ಸರ್ಕಾರಿ ಶಾಲಾ ಶಿಕ್ಷಕರದ್ದೇ. ಸಂಬಳ ಕಡಿಮೆಯಿದ್ದ ಕಡೆ ತರಬೇತಿ ಪಡೆದವರು ಒಂದೆರಡು ವರ್ಷದಲ್ಲಿ ಮೇಲಿನ ತರಗತಿಗೆ ಜಾಗ ಸಿಕ್ಕರೆ ಹೊರಟುಬಿಡುತ್ತಾರೆ.

4. ‘ಸಂಶೋಧನೆ ಹೇಳುತ್ತದೆ’ ಎಂದರೆ ಯಾವ ಸಂಶೋಧನೆ ಎಂದು ಕೇಳಿ

ಎಲ್ಲರೂ ಬೊಟ್ಟು ಮಾಡುವುದು ಮಿಷಿಗನ್‌ನ ಪೆರಿ ಪ್ರಯೋಗದತ್ತ. 1962ರಿಂದ 67ರವರೆಗೆ ನಡೆದ ಅದರಲ್ಲಿ ಇದ್ದದ್ದು 123 ಬಡ ಮಕ್ಕಳು. ಅವರಲ್ಲೂ ತರಗತಿಗೆ ಹೋದವರು 58 ಮಂದಿ. ಅವರು ನಲವತ್ತು ವರ್ಷದವರಾದಾಗ ಹೋಗದವರಿಗಿಂತ ಹೆಚ್ಚು ದುಡಿಯುತ್ತಿದ್ದರು, ಜೈಲಿನ ದಾರಿ ಹಿಡಿದವರೂ ಕಡಿಮೆ. ಆದರೆ ಅಲ್ಲಿ ಐದಾರು ಮಕ್ಕಳಿಗೆ ಒಬ್ಬ ಶಿಕ್ಷಕಿ, ವಾರಕ್ಕೊಮ್ಮೆ ಮನೆ ಭೇಟಿ. ಅಷ್ಟು ಖರ್ಚು ಮಾಡದೆ ಅದೇ ಫಲ ಸಿಗುತ್ತದೆ ಎನ್ನುವುದು ಭಂಡತನ. ಟೆನೆಸ್ಸಿಯ ರಾಜ್ಯ ಯೋಜನೆಯ ಬಗ್ಗೆ 2022ರಲ್ಲಿ ಬಂದ ಅಧ್ಯಯನದಲ್ಲಂತೂ ಪ್ರೀ-ಕೆ ಓದಿದ ಮಕ್ಕಳೇ ಆರನೇ ತರಗತಿಯ ಹೊತ್ತಿಗೆ ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು. ಕಾರಣವೇನೆಂಬ ಜಗಳ ಮುಗಿದಿಲ್ಲ. ಬೋರ್ಡು ತೂಗುಹಾಕಿದರೆ ಸಾಲದು ಎಂಬುದಂತೂ ಗೊತ್ತಾಯಿತು.

5. ಮೇಲ್ವಿಚಾರಣೆಗೆ ಹಣವಿದೆಯೇ?

ಹಲವೆಡೆ ಈ ತರಗತಿಗಳು ಖಾಸಗಿ ಕೇಂದ್ರಗಳಲ್ಲೂ ನಡೆಯುತ್ತವೆ. ಅಲ್ಲಿನ ಶಿಕ್ಷಕರಿಗೂ ಅದೇ ಸಂಬಳವೇ, ತರಗತಿಯೊಳಗೆ ಕೂತು ನೋಡಿ ತಿದ್ದುವವರಿಗೆ ಬಜೆಟ್‌ನಲ್ಲಿ ಪ್ರತ್ಯೇಕ ಬಾಬ್ತು ಇದೆಯೇ, ಪರೀಕ್ಷಿಸಿ. ಇಲ್ಲದಿದ್ದರೆ ಬಜೆಟ್ ಅಂಗೀಕಾರವಾಗುವ ಮುಂಚಿನ ಸಾರ್ವಜನಿಕ ಅಹವಾಲು ಸಭೆಯಲ್ಲೇ ಈ ಪ್ರಶ್ನೆ ಎತ್ತಬೇಕು. ಆಮೇಲೆ ಕೇಳಿದರೆ ಮುಂದಿನ ವರ್ಷ ನೋಡೋಣ ಎನ್ನುತ್ತಾರೆ.