ಮಳೆಗೆ ಹೆದರಿದ ಮಕ್ಕಳ ಕೈಗೆ ಮಳೆಮಾಪಕ ಕೊಟ್ಟ ನನ್ನ ಅನುಭವ

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲದ ಕಡೆ ಗುಡ್ಡಗಳು ಕುಸಿದ ಮೇಲೆ ಶಾಲೆಗೆ ಮರಳಿದ ಮಕ್ಕಳಲ್ಲಿ ಭಯವಿದ್ದದ್ದು ಎಲ್ಲ ಶಿಕ್ಷಕರಿಗೂ ಕಾಣುತ್ತಿತ್ತು. ಆ ಭಯದ ಅಡಿಯಲ್ಲಿ ಎರಡು ನಂಬಿಕೆಗಳು ಬೇರುಬಿಟ್ಟಿದ್ದವು: ಇರುವುದೆಲ್ಲ ಒಂದೇ ರಾತ್ರಿಯಲ್ಲಿ ಹೋಗುವುದಾದರೆ ಓದಿ ಉಪಯೋಗವಿಲ್ಲ ಎಂಬುದು ಒಂದು; ದೊಡ್ಡವರ ಮಾತನ್ನು ನಂಬಬಾರದು ಎಂಬುದು ಇನ್ನೊಂದು. "ಏನೂ ಆಗುವುದಿಲ್ಲ, ಮಲಗು" ಎಂದು ಹಿರಿಯರು ಹೇಳಿದ ರಾತ್ರಿಯೇ ಮನೆ ಬಿಟ್ಟು ಓಡಿದ ಮಕ್ಕಳು ಅವರು. ಅವರಿಗಾಗಿ ನಡೆದ ಸಾಂತ್ವನ ಶಿಬಿರಗಳಲ್ಲಿಯೂ ಅದೇ ಮಾತು, "ಹೆದರಬೇಡಿ, ಏನೂ ಆಗುವುದಿಲ್ಲ" ಎಂಬುದು ಕೇಳಿಬರುತ್ತಿತ್ತು. ಅದು ನಾಟದೇ ಇದ್ದುದರಲ್ಲಿ ಆಶ್ಚರ್ಯವಿಲ್ಲ.

ದಿನಚರಿ ಬರೆಸಿದೆವು, ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದರು. ಚಿತ್ರ ಬಿಡಿಸಿದ್ದರಿಂದ ಗೋಡೆ ತುಂಬಿತೇ ಹೊರತು ಮಳೆ ಜೋರಾದರೆ ಕಿಟಕಿಯ ಕಡೆ ತಿರುಗುವ ಕಣ್ಣುಗಳು ತಿರುಗುತ್ತಲೇ ಇದ್ದವು. ಬಣ್ಣ, ಊಟ, ಜೀಪಿನ ಬಾಡಿಗೆ ಎಂದು ಏನಿಲ್ಲವೆಂದರೂ ಇಪ್ಪತ್ತು ಸಾವಿರ ರೂಪಾಯಿ ಖರ್ಚಾಗಿತ್ತು. ಹಾಕಿಯನ್ನೂ ಪ್ರಯತ್ನಿಸಿದೆ. 1997ರಿಂದ ಕೊಡವ ಕುಟುಂಬಗಳ ಹಾಕಿ ಉತ್ಸವ ನಡೆದು ಬಂದಿರುವ ಈ ಜಿಲ್ಲೆಯಲ್ಲಿ ಮಕ್ಕಳನ್ನು ಮೈದಾನಕ್ಕೆ ಕರೆಯಲು ಕಷ್ಟವಿಲ್ಲ. ನಿರಾಶ್ರಿತರ ಕೇಂದ್ರದಲ್ಲಿ ಮಾತೇ ಆಡದಿದ್ದ ಇಬ್ಬರು ಹುಡುಗರು ಅಲ್ಲಿ ಗೆಳೆಯರಾದರು, ಅದು ಸಣ್ಣ ಫಲವೇನಲ್ಲ. ಆದರೆ ಮೋಡ ಕವಿದೊಡನೆ ಮೈದಾನ ಖಾಲಿಯಾಗುತ್ತಿತ್ತು.

ಅನುಭವದಿಂದ ಬಂದ ನಂಬಿಕೆಯನ್ನು ಮತ್ತೊಂದು ಅನುಭವವೇ ಸಡಿಲಿಸಬೇಕು ಎಂದು ನನಗೆ ಖಚಿತವಾಗಿತ್ತು. ಆದ್ದರಿಂದ ಇಲ್ಲಿನ ಹೆಚ್ಚಿನ ಕಾಫಿ ತೋಟಗಳಲ್ಲಿ ಇರುವ ಮಳೆಮಾಪಕವನ್ನೇ ಮಕ್ಕಳ ಕೈಗೆ ಕೊಡಲು ನಿರ್ಧರಿಸಿದೆ. ಸಹೋದ್ಯೋಗಿಗಳು ಇದು ಗಾಯದ ಮೇಲೆ ಉಪ್ಪು ಸವರಿದಂತೆ ಎಂದರು. ಆಡಳಿತ ಮಂಡಳಿ ಒಂದು ರೂಪಾಯಿಯನ್ನೂ ಕೊಡಲಿಲ್ಲ. ಪ್ಲಾಸ್ಟಿಕ್ ಮಾಪಕಗಳು ಆಗ ಒಂದಕ್ಕೆ ನಾನ್ನೂರು ರೂಪಾಯಿಯ ಆಸುಪಾಸಿನಲ್ಲಿದ್ದವು. ಕೈಯಿಂದ ಆರೇಳು ಸಾವಿರ ಹಾಕಿದೆ. ಪರಿಚಯದ ಬೆಳೆಗಾರರೊಬ್ಬರು ಹಳೆಯ ತಾಮ್ರದ ಮಾಪಕಗಳೆರಡನ್ನು ಅಳತೆಯ ಜಾಡಿ ಸಮೇತ ಕೊಟ್ಟರು.

ಇಡೀ ಕೆಲಸದ ಜೀವ ಇರುವುದು ಆರಂಭದ ಸಮಯದಲ್ಲಿ. ಜುಲೈನ ಮಳೆಗೆ ಅಳೆಯಲು ಕೂರಿಸಿದ್ದರೆ ಸಹೋದ್ಯೋಗಿಗಳ ಮಾತೇ ನಿಜವಾಗುತ್ತಿತ್ತು. ನಾನು ಆರಂಭಿಸಿದ್ದು 2019ರ ಹೂಮಳೆಗೆ, ಅಂದರೆ ಕಾಫಿ ಗಿಡ ಹೂ ಬಿಡಲೆಂದು ಬೇಸಿಗೆಯಲ್ಲಿ ಊರಿಗೆ ಊರೇ ಬೇಡಿಕೊಳ್ಳುವ ಮಳೆಗೆ. ಬೆಳಿಗ್ಗೆ ಜಾಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ನೀರಿನ ತಗ್ಗಿದ ಅಂಚನ್ನು ನೋಡಿ, ಇಂಚು ಮತ್ತು ಸೆಂಟುಗಳಲ್ಲಿ (ಇಂಚಿನ ನೂರನೆಯ ಒಂದು ಭಾಗವೇ ಸೆಂಟು) ಬರೆದ ಮಕ್ಕಳೇ ಎಂಟು ಹತ್ತು ದಿನಗಳ ನಂತರ ಗಿಡದ ತುಂಬ ಬಿಳಿ ಹೂ ಬಂದದ್ದನ್ನೂ ಅದೇ ಪುಸ್ತಕದಲ್ಲಿ ದಾಖಲಿಸಿದರು.

ಜೂನ್‌ನಿಂದ ಅಳತೆಯ ಜೊತೆಗೆ ನೋಟವನ್ನೂ ಸೇರಿಸಿದೆ: ಒರತೆಯ ನೀರು ಕೆಂಪಗಾಗಿದೆಯೇ, ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಮೇಲೆ ಹೊಸ ಬಿರುಕು ಬಂದಿದೆಯೇ, ನೆಟ್ಟಗಿದ್ದ ಮರ ವಾಲಿದೆಯೇ ಎಂದು ದಿನವೂ ಬರೆಯಬೇಕು. ಮಳೆಯ ಅಳತೆಯೊಂದರಿಂದಲೇ ಕುಸಿತವನ್ನು ಹೇಳಲಾಗದೆಂಬುದನ್ನು ಮಕ್ಕಳಿಗೂ ಸ್ಪಷ್ಟವಾಗಿ ತಿಳಿಸಿದ್ದೆ. ಆಗಸ್ಟ್ ಮೊದಲ ವಾರಗಳಲ್ಲಿ ಮತ್ತೆ ವಿಪರೀತ ಮಳೆಯಾಗಿ, ವಿರಾಜಪೇಟೆ ಕಡೆಯ ತೋರದಲ್ಲಿ ಗುಡ್ಡ ಕುಸಿಯಿತು. ಒಂದು ವರ್ಷ ಬೂಟು ಹಾಕಿಕೊಂಡೇ ಮಲಗುತ್ತಿದ್ದ ಹತ್ತನೆಯ ತರಗತಿಯ ಹುಡುಗನೊಬ್ಬ ಆ ದಿನಗಳಲ್ಲಿ ನನಗೆ ಫೋನ್ ಮಾಡಿ, "ಸಾರ್, ಮನೆ ಹಿಂದಿನ ಬರೆಯಲ್ಲಿ ಬಿರುಕು ಕಂಡಿತು, ಅಜ್ಜಿಯನ್ನು ಮಾವನ ಮನೆಗೆ ಬಿಟ್ಟು ಬಂದೆ, ಪಂಚಾಯಿತಿಗೂ ಹೇಳಿದ್ದೇನೆ" ಎಂದ. ಅವನ ಧ್ವನಿಯಲ್ಲಿ ನಡುಕವಿರಲಿಲ್ಲ. ಆ ವರ್ಷದ ಪರೀಕ್ಷೆಯಲ್ಲಿ ಅವನು ಎಪ್ಪತ್ತರ ಆಸುಪಾಸಿನ ಶೇಕಡಾವಾರು ಪಡೆದ ಎಂದು ನೆನಪು.

ಸುಮಾರು ಮೂವತ್ತು ಮಕ್ಕಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿಯಲ್ಲಿ ಬದಲಾವಣೆ ಕಂಡೆ. ಮನೆಯವರನ್ನೇ ಕಳೆದುಕೊಂಡವರಿಗೆ ಇದು ಸಾಲದು, ಅವರನ್ನು ಮನೋವೈದ್ಯರ ಬಳಿಗೇ ಕಳುಹಿಸಬೇಕು. ಅಂದು ಅನುಮಾನಪಟ್ಟ ಸಹೋದ್ಯೋಗಿಗಳು ಈಗ ನನ್ನ ದಾಖಲೆ ಪುಸ್ತಕದ ಮಾದರಿಯನ್ನು ಕೇಳಿ ಪಡೆಯುತ್ತಿದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ಮಾಪಕಗಳನ್ನು ಜನವರಿಯೊಳಗೆ ಕೊಂಡಿಡಿ, ಹೂಮಳೆ ತಪ್ಪಿಹೋದರೆ ಆ ವರ್ಷ ಹೊಸ ಮಕ್ಕಳನ್ನು ಸೇರಿಸಿಕೊಳ್ಳಬೇಡಿ.