ಕಲ್ಲಿದ್ದಲಿನಿಂದ ಡೀಸೆಲ್ ಮಾಡುವುದು ಹೇಗೆ?

ಕಲ್ಲಿದ್ದಲನ್ನು ಹಿಂಡಿದರೆ ಎಣ್ಣೆ ಬರುವುದಿಲ್ಲ. ಮೊದಲು ಅದನ್ನು ಒಡೆದು ಅನಿಲ ಮಾಡಬೇಕು, ಆಮೇಲೆ ಆ ಅನಿಲದಿಂದ ಎಣ್ಣೆ ಕಟ್ಟಬೇಕು. 1920ರ ದಶಕದಲ್ಲಿ ಜರ್ಮನಿಯ ಫ್ರಾನ್ಸ್ ಫಿಶರ್ ಮತ್ತು ಹಾನ್ಸ್ ಟ್ರಾಪ್ಶ್ ತೋರಿಸಿದ ದಾರಿ ಇದು. ದಕ್ಷಿಣ ಆಫ್ರಿಕಾದ ಸಾಸೋಲ್ ಕಂಪನಿ 1955ರಲ್ಲಿ ಇದೇ ದಾರಿ ಹಿಡಿಯಿತು.

ಮೊದಲ ಹಂತ, ಅನಿಲ. ಗ್ಯಾಸಿಫೈಯರ್ ಎಂಬ ಕುಲುಮೆಗೆ ಕಲ್ಲಿದ್ದಲಿನ ಜೊತೆ ಹಬೆ, ಆಮ್ಲಜನಕ ಬಿಡುತ್ತಾರೆ. ಆಮ್ಲಜನಕ ಬೇಕೆಂದೇ ಕಮ್ಮಿ. ಜಾಸ್ತಿಯಾದರೆ ಕಲ್ಲಿದ್ದಲು ಸುಮ್ನೆ ಉರಿದುಹೋಗುತ್ತದೆ. ಸುಮಾರು 1000 ಡಿಗ್ರಿ ಶಾಖದಲ್ಲಿ ಸಿಗುವುದು ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಬೆರೆತ ಸಿನ್‌ಗ್ಯಾಸ್.

ಎರಡನೆಯದು ಈ ಎರಡು ಅನಿಲಗಳ ಲೆಕ್ಕ ಸರಿಮಾಡುವುದು. ಒಂದು ಪಾಲು ಮಾನಾಕ್ಸೈಡ್‌ಗೆ ಸುಮಾರು ಎರಡು ಪಾಲು ಹೈಡ್ರೋಜನ್ ಬೇಕು. ಕಲ್ಲಿದ್ದಲಿನಲ್ಲಿ ಅಷ್ಟೆಲ್ಲಿದೆ? ಹಾಗಾಗಿ ಸ್ವಲ್ಪ ಮಾನಾಕ್ಸೈಡನ್ನು ಹಬೆಯ ಜೊತೆ ಸೇರಿಸಿ ಹೈಡ್ರೋಜನ್ ಹುಟ್ಟಿಸುತ್ತಾರೆ. ಜೊತೆಗೇ ಕಾರ್ಬನ್ ಡೈಆಕ್ಸೈಡ್ ರಾಶಿ ರಾಶಿ ಹುಟ್ಟುತ್ತದೆ. ಈ ಇಂಧನಕ್ಕೆ ಕೆಟ್ಟ ಹೆಸರು ಬಂದದ್ದು ಮುಖ್ಯವಾಗಿ ಇದರಿಂದಲೇ.

ಮೂರನೆಯದು ತೊಳೆಯುವುದು. ಇಲ್ಲಿ ಉದಾಸೀನ ಮಾಡಿದರೆ ಮುಂದಿನದೆಲ್ಲ ವ್ಯರ್ಥ. ಕಲ್ಲಿದ್ದಲಿನ ಗಂಧಕ ಹೈಡ್ರೋಜನ್ ಸಲ್ಫೈಡ್ ಆಗಿ ಅನಿಲದಲ್ಲಿ ಸೇರಿರುತ್ತದೆ. ಅದು ಚೂರು ಉಳಿದರೂ ಮುಂದಿನ ಹಂತದಲ್ಲಿ ಕ್ರಿಯೆಗೆ ವೇಗ ಕೊಡುವ ವೇಗವರ್ಧಕದ ಮೈಗೆ ಅಂಟಿಕೊಂಡು ಅದನ್ನು ಕೊಲ್ಲುತ್ತದೆ. ಸೊನ್ನೆಗಿಂತ ಎಷ್ಟೋ ಕೆಳಗೆ ತಣಿಸಿದ ಮೆಥನಾಲ್‌ನಿಂದ ಅನಿಲವನ್ನು ತೊಳೆಯುವುದು ರೂಢಿಯ ವಿಧಾನ.

ಈಗ ನಿಜವಾದ ಕೈಚಳಕ. 20ರಿಂದ 40 ಬಾರ್ ಒತ್ತಡದಲ್ಲಿ (ಒಂದು ಬಾರ್ ಅಂದರೆ ಹೆಚ್ಚುಕಮ್ಮಿ ನಮ್ಮ ಸುತ್ತಲ ಗಾಳಿಯ ಒತ್ತಡ) ಅನಿಲ ಕಬ್ಬಿಣ ಇಲ್ಲವೇ ಕೋಬಾಲ್ಟ್ ವೇಗವರ್ಧಕದ ಮೇಲೆ ಹರಿಯುತ್ತದೆ. ಅದರ ಮೈಮೇಲೆ ಕಾರ್ಬನ್‌ಗಳು ದಾರಕ್ಕೆ ಮಣಿ ಪೋಣಿಸಿದ ಹಾಗೆ ಒಂದೊಂದಾಗಿ ಸೇರುತ್ತವೆ. ಸರ ಎಲ್ಲಿ ತುಂಡಾಗುತ್ತದೆ ಅನ್ನುವುದು ಬಹುಮಟ್ಟಿಗೆ ಶಾಖದ ಕೈಯಲ್ಲಿದೆ. 220 ಡಿಗ್ರಿ ಆಸುಪಾಸಿನಲ್ಲಿ ಉದ್ದ ಸರ, ಅಂದರೆ ಮೇಣ ಮತ್ತು ಡೀಸೆಲ್. ಕಬ್ಬಿಣ ಬಳಸಿ 340ಕ್ಕೆ ಏರಿಸಿದರೆ ಪೆಟ್ರೋಲ್‌ನಂಥ ಗಿಡ್ಡ ಸರಗಳು ಜಾಸ್ತಿ. ಕಷ್ಟ ಏನೆಂದರೆ, ಈ ಕ್ರಿಯೆಯೇ ಭಾರಿ ಶಾಖ ಉಗುಳುತ್ತದೆ. ಹೊರಗೆ ತೆಗೆಯದಿದ್ದರೆ ಎಣ್ಣೆ ಬದಲು ಬರೀ ಮೀಥೇನ್ ಬಂದೀತು. ಅದಕ್ಕೇ ರಿಯಾಕ್ಟರ್ ಒಳಗೆ ನೀರು ಕುದಿಸಿ, ಶಾಖವನ್ನು ಹಬೆಯ ರೂಪದಲ್ಲಿ ಸಾಗಿಸುತ್ತಾರೆ.

ಕೊನೆಗೆ ಮೇಣವನ್ನು ಹೈಡ್ರೋಜನ್ ಜೊತೆ ಕಾಯಿಸಿ ಡೀಸೆಲ್ ಗಾತ್ರಕ್ಕೆ ತುಂಡರಿಸುತ್ತಾರೆ. ಸಿಗುವ ಡೀಸೆಲ್‌ನಲ್ಲಿ ಗಂಧಕ ಇಲ್ಲವೆಂದೇ ಹೇಳಬಹುದು, ಎಂಜಿನ್ ಒಳಗೆ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂದು ಹೇಳುವ ಸೀಟೇನ್ ಅಂಕ 70 ದಾಟುತ್ತದೆ. ಜಾರುಗುಣ ಮಾತ್ರ ಕಮ್ಮಿ, ಅದಕ್ಕೆ ಬೇರೆ ದ್ರವ ಬೆರೆಸಬೇಕು.

ಇನ್ನೊಂದು ವಿಷಯ. ಸರಕ್ಕೆ 14 ಗ್ರಾಂ ಕಾರ್ಬನ್-ಹೈಡ್ರೋಜನ್ ಸೇರಿದಾಗೆಲ್ಲ 18 ಗ್ರಾಂ ನೀರೂ ಹುಟ್ಟುತ್ತದೆ. ಎಣ್ಣೆ ಕಾರ್ಖಾನೆಯಲ್ಲಿ ಎಣ್ಣೆಗಿಂತ ನೀರೇ ಜಾಸ್ತಿ, ವಿಚಿತ್ರ ಅಲ್ವಾ? ಆ ನೀರಲ್ಲಿ ಆಮ್ಲ, ಆಲ್ಕೊಹಾಲ್ ಬೆರೆತಿರುವುದರಿಂದ ಶುದ್ಧಿ ಮಾಡದೆ ಹೊರಗೆ ಬಿಡುವಂತಿಲ್ಲ.