ಟೆಕ್ಸಾಸ್‌ಗೆ ಹೊರಟ ದಾವಣಗೆರೆ, ದುರ್ಗದವರಿಗೆ: ಫೋನ್ ಕೂಗದಿದ್ದರೂ ಆಲಿಕಲ್ಲು ಬೀಳುತ್ತದೆ

ನಮ್ಮ ಕಡೆಯಿಂದ ಡಲ್ಲಾಸ್‌ಗೆ ಓದಲು ಹೋಗುವ ಹುಡುಗರು ಹೆಚ್ಚಾಗಿ ಆಗಸ್ಟ್‌ನಲ್ಲಿ ಇಳಿಯುತ್ತಾರೆ. ಡಿಸೆಂಬರ್ ಹೊತ್ತಿಗೆ ದುಡ್ಡು ಕೂಡಿಸಿ ಒಂದು ಹಳೆ ಕಾರು ಕೊಳ್ಳುತ್ತಾರೆ. ಏಪ್ರಿಲ್‌ನಲ್ಲಿ ಅದರ ಗಾಜು ಪುಡಿಯಾಗುತ್ತದೆ. ವರ್ಷ ವರ್ಷ ಇದೇ ಕಥೆ. ಈಗ ರಜೆಗೆ ದಾವಣಗೆರೆಗೆ ಬಂದಿದ್ದೇನೆ. ಮಗನನ್ನೋ ಮಗಳನ್ನೋ ಕಳಿಸುತ್ತಿರುವ ಅಪ್ಪ-ಅಮ್ಮಂದಿರು ದಿನಾ ಯಾರಾದರೂ ಮನೆಗೆ ಬರುತ್ತಾರೆ. ಕುಕ್ಕರ್ ಒಯ್ಯಬಹುದಾ, ಸ್ವೆಟರ್ ಎಷ್ಟು ಬೇಕು ಅಂತ ಕೇಳುತ್ತಾರೆ. ಆಲಿಕಲ್ಲಿನ ಬಗ್ಗೆ ಯಾರೂ ಕೇಳುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಿರುಗಾಳಿಗೆ ಅಲ್ಲಿ ಎರಡು ಥರದ ಎಚ್ಚರಿಕೆ ಕೊಡುತ್ತಾರೆ. ವಾಚ್ ಅಂದರೆ ಬರಬಹುದು, ವಾರ್ನಿಂಗ್ ಅಂದರೆ ಬಂದಿದೆ. ಇಷ್ಟು ಯೂಟ್ಯೂಬ್ ನೋಡಿದವರಿಗೆಲ್ಲ ಗೊತ್ತು, ಬಿಡಿ.

ನಮ್ಮಲ್ಲಿ ಹವಾಮಾನ ಇಲಾಖೆ ಇಡೀ ಜಿಲ್ಲೆಗೆ ಒಂದೇ ಬಣ್ಣ ಹಚ್ಚುತ್ತದೆ. ದಾವಣಗೆರೆಗೆ ಯೆಲ್ಲೋ ಅಂದರೆ ನ್ಯಾಮತಿಗೂ ಯೆಲ್ಲೋ, ಜಗಳೂರಿಗೂ ಯೆಲ್ಲೋ. ನ್ಯಾಮತಿಯಲ್ಲಿ ಮಳೆ ಹೊಡೆಯುವಾಗ ಜಗಳೂರಿನಲ್ಲಿ ಧೂಳು ಏಳುತ್ತಿರುತ್ತದೆ. ಟೆಕ್ಸಾಸ್‌ನಲ್ಲಿ ಕ್ರಮ ಬೇರೆ. ಬಿರುಗಾಳಿ, ಟಾರ್ನೇಡೊ (ಸುಂಟರಗಾಳಿ) ಇವುಗಳ ವಾಚ್ ಕೊಡುವುದು ಓಕ್ಲಹೋಮಾದ ನಾರ್ಮನ್‌ನಲ್ಲಿರುವ ಸ್ಟಾರ್ಮ್ ಪ್ರೆಡಿಕ್ಷನ್ ಸೆಂಟರ್. ಹತ್ತಾರು ಕೌಂಟಿಗಳಿಗೆ (ನಮ್ಮ ಜಿಲ್ಲೆ ಇದ್ದಂತೆ) ಒಟ್ಟಿಗೆ, ಕೆಲವು ಗಂಟೆಗಳ ಮಟ್ಟಿಗೆ. ವಾರ್ನಿಂಗ್ ಕೊಡುವುದು ಅಲ್ಲಿಯ ಹವಾಮಾನ ಇಲಾಖೆ, ನ್ಯಾಷನಲ್ ವೆದರ್ ಸರ್ವಿಸ್‌ನ ಸ್ಥಳೀಯ ಕಚೇರಿ. ಡಲ್ಲಾಸ್‌ಗೆ ಅದು ಫೋರ್ಟ್ ವರ್ತ್‌ನಲ್ಲಿದೆ. ರಾಡಾರ್ ನೋಡಿಕೊಂಡು, ಮೋಡ ಹೋಗುವ ದಾರಿಗೆ ನಕ್ಷೆಯ ಮೇಲೆ ಗೆರೆ ಎಳೆಯುತ್ತಾರೆ. 2007ರಿಂದ ಹೀಗೆ ನಡೆದಿದೆ. ಗೆರೆಯ ಒಳಗಿದ್ದರೆ ಅರ್ಧ ಗಂಟೆಯೋ ಒಂದು ಗಂಟೆಯೋ ಹುಷಾರಾಗಿರಬೇಕು. ಪಕ್ಕದ ಬಡಾವಣೆ ಗೆರೆಯ ಹೊರಗೆ ಇದ್ದರೂ ಇರಬಹುದು. ಈ ವಿಷಯದಲ್ಲಿ ಅವರದೇ ಮೇಲು, ಮುಲಾಜಿಲ್ಲದೆ ಹೇಳುತ್ತೇನೆ.

ಆದರೆ ನಮ್ಮಲ್ಲಿ ರೆಡ್ ಬಂದರೆ ಡಿ.ಸಿ. ಶಾಲೆಗಳಿಗೆ ರಜೆ ಕೊಡುತ್ತಾರೆ. ಬೇರೆ ಯಾರೋ ನಮ್ಮ ಪರವಾಗಿ ತೀರ್ಮಾನ ಮಾಡಿರುತ್ತಾರೆ. ಅಲ್ಲಿ ವಾರ್ನಿಂಗ್ ಕೊಟ್ಟವರು ಹೇಳಿ ಸುಮ್ಮನಾಗುತ್ತಾರೆ. ಪಾರ್ಟ್‌ಟೈಮ್ ಕೆಲಸದ ಮ್ಯಾನೇಜರ್ ಶಿಫ್ಟ್‌ಗೆ ಬಾ ಅಂತಲೇ ಅನ್ನುತ್ತಾನೆ. ಹೋಗುವುದೋ ಬಿಡುವುದೋ ನೀವೇ ನೋಡಿಕೊಳ್ಳಬೇಕು.

ಸಿವಿಯರ್ ಥಂಡರ್‌ಸ್ಟಾರ್ಮ್ ವಾರ್ನಿಂಗ್‌ಗೆ, ಅಂದರೆ ಗುಡುಗಿನ ಬಿರುಗಾಳಿಯ ಎಚ್ಚರಿಕೆಗೆ, ಅಳತೆ ಎರಡೇ. ಗಾಳಿ ಗಂಟೆಗೆ 58 ಮೈಲಿ, ಅಂದರೆ ಸುಮಾರು 93 ಕಿ.ಮೀ. ಇರಬೇಕು. ಇಲ್ಲವೇ ಆಲಿಕಲ್ಲು 1 ಇಂಚು ಇರಬೇಕು. ಜೋರು ಮಳೆಗೆ ಫ್ಲಾಶ್ ಫ್ಲಡ್ ವಾರ್ನಿಂಗ್ ಬೇರೆ ಇದೆ. ಸಿಡಿಲು ಮಾತ್ರ ಲೆಕ್ಕಕ್ಕೇ ಇಲ್ಲ! ಪ್ರತಿ ಏಪ್ರಿಲ್, ಮೇನಲ್ಲಿ ಹೊಲದಲ್ಲಿ ಸಿಡಿಲಿಗೆ ಜನ, ದನ ಸತ್ತ ಸುದ್ದಿ ಓದುವ ನಮಗೆ ಇದು ವಿಚಿತ್ರ ಅನಿಸುತ್ತದೆ. ಸಿಡಿಲಿನ ಮಟ್ಟಿಗೆ ನಮ್ಮ ದಾಮಿನಿ ಆ್ಯಪ್ ವಾಸಿ. ವಾರ್ನಿಂಗ್ ಬಂದಿಲ್ಲವಲ್ಲ ಅಂತ ಗುಡುಗುವಾಗ ಬಯಲಲ್ಲಿ ಕ್ರಿಕೆಟ್ ಆಡಬೇಡಿ.

ಈಗ ದುಡ್ಡು ಹೋಗುವ ಜಾಗಕ್ಕೆ ಬರೋಣ. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲೂ ಫೋನ್‌ಗಳು ಒಟ್ಟಿಗೆ ಕಿರುಚಿದ ಪರೀಕ್ಷೆ ನೆನಪಿರಬೇಕಲ್ವಾ? ಅಲ್ಲಿಯೂ ಅಂಥದೇ ವ್ಯವಸ್ಥೆ ಇದೆ. ಹೊಸಬರೆಲ್ಲ ಅದನ್ನೇ ನಂಬಿ ಕೂರುತ್ತಾರೆ. ಅಪಾಯ ಇದ್ದರೆ ಫೋನ್ ಕೂಗುತ್ತದೆ ಬಿಡು ಅನ್ನುತ್ತಾರೆ. ಟಾರ್ನೇಡೊ ವಾರ್ನಿಂಗ್‌ಗೆ ಕೂಗುತ್ತದೆ, ನಿಜ. ಆದರೆ 2021ರ ಆಗಸ್ಟ್‌ನಿಂದ ಥಂಡರ್‌ಸ್ಟಾರ್ಮ್ ವಾರ್ನಿಂಗ್‌ಗಳನ್ನು ಮೂರು ದರ್ಜೆ ಮಾಡಿದ್ದಾರೆ. ಕೆಳಗಿನದು ನಾನು ಆಗಲೇ ಹೇಳಿದ ಅಳತೆ. ನಡುವಿನದು 70 ಮೈಲಿ ಗಾಳಿ ಅಥವಾ 1.75 ಇಂಚಿನ ಆಲಿಕಲ್ಲು. ಮೇಲಿನದು 80 ಮೈಲಿ ಅಥವಾ 2.75 ಇಂಚು. ಫೋನ್ ಕೂಗುವುದು ಈ ಮೇಲಿನ ದರ್ಜೆಗೆ ಮಾತ್ರ. 2.75 ಇಂಚು ಅಂದರೆ ಹೆಚ್ಚುಕಡಿಮೆ ಕ್ರಿಕೆಟ್ ಚೆಂಡು. ಅದಕ್ಕಿಂತ ಚಿಕ್ಕದಕ್ಕೆ ನಿಮ್ಮ ಫೋನ್ ತೆಪ್ಪಗೆ ಇರುತ್ತದೆ. ಕಾರಿನ ಬಾನೆಟ್ ಗುಳಿ ಬೀಳಲು, ಗಾಜು ಸೀಳಲು ಕ್ರಿಕೆಟ್ ಚೆಂಡೇ ಬೇಕಾಗಿಲ್ಲ.

ಇದರ ಮೇಲೆ ಹರಿಹರದ ಹುಡುಗನೊಬ್ಬ ಇನ್ನೊಂದು ಕೆಲಸ ಮಾಡಿದ್ದ. ನಡುರಾತ್ರಿ ಆಂಬರ್ ಅಲರ್ಟ್ ಕೂಗಿತು. ಅದು ಅಪಹರಣವಾದ ಮಕ್ಕಳನ್ನು ಹುಡುಕಲು ಕೊಡುವ ಎಚ್ಚರಿಕೆ. ನಿದ್ದೆಗಣ್ಣಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಕಂಡ ಬಟನ್‌ಗಳನ್ನೆಲ್ಲ ಆಫ್ ಮಾಡಿ ಮಲಗಿದ. ಟಾರ್ನೇಡೊದ್ದೂ ಆಫ್ ಆಯಿತು. ಆಂಬರ್‌ಗೆ ಬೇರೆ ಬಟನ್ ಇದೆ. ಬೇಡವಾದರೆ ಅದೊಂದನ್ನೇ ಮುಟ್ಟಿ. ಜೊತೆಗೆ ಅಲ್ಲಿಯ ಲೋಕಲ್ ಟಿವಿ ಚಾನೆಲ್‌ನ ಹವಾಮಾನದ ಆ್ಯಪ್ ಒಂದನ್ನು ಹಾಕಿಕೊಳ್ಳಿ, ಲೊಕೇಶನ್ ಸದಾ ಆನ್ ಇಡಿ. ಅದು ಚಿಕ್ಕ ಆಲಿಕಲ್ಲಿಗೂ ಹೇಳುತ್ತದೆ.

ಎರಡನೇ ಹಳ್ಳ ಇನ್ಶೂರೆನ್ಸ್. ಟೆಕ್ಸಾಸ್‌ನಲ್ಲಿ ಕಾನೂನು ಕೇಳುವುದು ಲಯಬಿಲಿಟಿ ಮಾತ್ರ. ನಮ್ಮ ಥರ್ಡ್ ಪಾರ್ಟಿ ಇದ್ದಂತೆ, ಎದುರಿನವರ ನಷ್ಟಕ್ಕೆ. ಹಳೆ ಕಾರು ತಾನೇ ಅಂತ ಹುಡುಗರು ಅಷ್ಟನ್ನೇ ತೆಗೆದುಕೊಳ್ಳುತ್ತಾರೆ. ಆಲಿಕಲ್ಲು ಬಿದ್ದ ಮರುದಿನ ಫೋನ್ ಮಾಡಿದರೆ ಏಜೆಂಟ್ ಸೊನ್ನೆ ಅನ್ನುತ್ತಾನೆ. ಅಪಾರ್ಟ್‌ಮೆಂಟ್‌ನವರು ನಮಗೆ ಸಂಬಂಧವಿಲ್ಲ ಅನ್ನುತ್ತಾರೆ. ಬಾಡಿಗೆ ಮನೆಗೆ ಮಾಡಿಸಿದ ರೆಂಟರ್ಸ್ ಇನ್ಶೂರೆನ್ಸ್ ಮನೆಯ ಸಾಮಾನಿಗೆ, ಕಾರಿಗಲ್ಲ. ನನ್ನ ಪರಿಚಯದ ಹುಡುಗನೊಬ್ಬ ರಿಪೇರಿ ಅಂದಾಜು ಕೇಳಿದ ಮೇಲೆ ಗಾಜೊಂದನ್ನು ಹಾಕಿಸಿ, ಗುಳಿಬಿದ್ದ ಕಾರನ್ನೇ ಓದು ಮುಗಿಯುವವರೆಗೆ ಓಡಿಸಿದ.

ಆಲಿಕಲ್ಲು, ನೆರೆ, ಮರ ಬೀಳುವುದು, ಕಳವು ಇವಕ್ಕೆ ಬೇಕಾದ್ದು ಕಾಂಪ್ರಹೆನ್ಸಿವ್. ಇಲ್ಲೊಂದು ಸೂಕ್ಷ್ಮ ಇದೆ. ನಮ್ಮಲ್ಲಿ ಕಾಂಪ್ರಹೆನ್ಸಿವ್ ಅಂದರೆ ಡಿಕ್ಕಿಯೂ ಸೇರಿ ಎಲ್ಲ. ಅಲ್ಲಿ ಡಿಕ್ಕಿಗೆ ಕೊಲಿಷನ್ ಅಂತ ಬೇರೆ ದುಡ್ಡು ಕಟ್ಟಬೇಕು. ಎರಡೂ ಇವೆಯಾ, ಡಿಡಕ್ಟಿಬಲ್ (ನಷ್ಟದಲ್ಲಿ ಮೊದಲು ನಿಮ್ಮ ಜೇಬಿನಿಂದ ಹೋಗುವ ಪಾಲು) ಎಷ್ಟು ಅಂತ ಪಾಲಿಸಿಯ ಮೊದಲ ಪುಟದಲ್ಲೇ ನೋಡಿ. ಅದನ್ನು ಫೆಬ್ರವರಿಯೊಳಗೆ ಮಾಡಿ. ಬಿರುಗಾಳಿ ಹತ್ತಿರ ಬಂದಾಗ ಹಲವು ಕಂಪನಿಗಳು ಹೊಸ ಪಾಲಿಸಿ ಕೊಡುವುದನ್ನೇ ನಿಲ್ಲಿಸುತ್ತವೆ.

ಮನೆ ಕೊಂಡವರಿಗೆ ಹೊಡೆತ ಇನ್ನೂ ಜಾಸ್ತಿ. ಗಾಳಿ, ಆಲಿಕಲ್ಲಿನ ಡಿಡಕ್ಟಿಬಲ್ ಅಲ್ಲಿ ಬಹಳ ಸಲ ಶೇಕಡಾ ಲೆಕ್ಕದಲ್ಲಿ ಇರುತ್ತದೆ. 4,00,000 ಡಾಲರ್‌ಗೆ ವಿಮೆ ಮಾಡಿದ ಮನೆಗೆ 2% ಅಂದರೆ 8,000 ಡಾಲರ್ ನಿಮ್ಮ ಜೇಬಿನಿಂದ. ಮಳೆ ನಿಂತ ಮರುದಿನವೇ ರೂಫ್ ರಿಪೇರಿಯವರು ಬಾಗಿಲು ತಟ್ಟುತ್ತಾರೆ. ಡಿಡಕ್ಟಿಬಲ್ ಬಿಟ್ಟುಬಿಡುತ್ತೇವೆ, ಸಹಿ ಹಾಕಿ ಅನ್ನುತ್ತಾರೆ. 2019ರ ಸೆಪ್ಟೆಂಬರ್‌ನಿಂದ ಟೆಕ್ಸಾಸ್‌ನಲ್ಲಿ ಅದು ಕಾನೂನಿಗೆ ವಿರುದ್ಧ. ಸಹಿ ಹಾಕಬೇಡಿ.

ಟಾರ್ನೇಡೊಗೆ ಊರಲ್ಲಿ ಕೂಗುವ ಸೈರನ್ ಇರುವುದು ಮನೆಯ ಹೊರಗಿರುವವರಿಗೆ. ಒಳಗೆ ಕೇಳಿಸದಿದ್ದರೆ ಅದು ಕೆಟ್ಟಿದೆ ಅಂತ ಅಲ್ಲ. ಡಲ್ಲಾಸ್‌ನಲ್ಲಿ ತಿಂಗಳ ಮೊದಲ ಬುಧವಾರ ಮಧ್ಯಾಹ್ನ 12ಕ್ಕೆ ಕೂಗಿದರೆ ಅದು ಪರೀಕ್ಷೆ. ಹೈವೇಯಲ್ಲಿ ಆಲಿಕಲ್ಲು ಶುರುವಾದರೆ ಫ್ಲೈಓವರ್ ಕೆಳಗೆ ನಿಲ್ಲಬೇಡಿ. ಹಿಂದಿನವರು ಬಂದು ಗುದ್ದುತ್ತಾರೆ. ಟಾರ್ನೇಡೊ ಬಂದರಂತೂ ಅದಕ್ಕಿಂತ ಕೆಟ್ಟ ಜಾಗ ಇಲ್ಲ.

ಇನ್ನು ಊರಲ್ಲಿರುವವರಿಗೆ. ಬೇಸಿಗೆಯಲ್ಲಿ ಡಲ್ಲಾಸ್‌ನ ರಾತ್ರಿ 8 ಗಂಟೆ ಅಂದರೆ ದಾವಣಗೆರೆಯಲ್ಲಿ ಮರುದಿನ ಬೆಳಿಗ್ಗೆ 6.30. ಕಾಫಿ ಹೊತ್ತಿಗೆ ಟಿವಿಯಲ್ಲಿ ಟೆಕ್ಸಾಸ್‌ನಲ್ಲಿ ಸುಂಟರಗಾಳಿ ಅಂತ ಬರುತ್ತದೆ. ತಕ್ಷಣ ಫೋನ್ ಮಾಡುತ್ತೀರಿ. ಟೆಕ್ಸಾಸ್ ಕರ್ನಾಟಕಕ್ಕಿಂತ ಮೂರೂವರೆ ಪಟ್ಟು ದೊಡ್ಡದು. ಲಬ್ಬಕ್‌ನಲ್ಲಿ ಗಾಳಿ ಎದ್ದರೆ ಅದು ಡಲ್ಲಾಸ್‌ನಿಂದ ರಸ್ತೆಯಲ್ಲಿ 500 ಕಿ.ಮೀ.ಗಿಂತ ದೂರ. ಮಗ ಇರುವ ಕೌಂಟಿಯ ಹೆಸರನ್ನು ಕ್ಯಾಲೆಂಡರ್ ಪಕ್ಕ ಬರೆದಿಟ್ಟುಕೊಳ್ಳಿ. ಡಲ್ಲಾಸ್, ಕಾಲಿನ್, ಡೆಂಟನ್, ಟ್ಯಾರೆಂಟ್, ಇವುಗಳಲ್ಲಿ ಒಂದು ಇರುತ್ತದೆ. ಸುದ್ದಿಯಲ್ಲಿ ಅದೇ ಹೆಸರು ಬಂದರೂ ಒಂದು ಗಂಟೆ ಕಾಲ್ ಮಾಡಬೇಡಿ, ಮೆಸೇಜ್ ಹಾಕಿ. ಅವನು ಕೆಳಮಹಡಿಯ, ಕಿಟಕಿ ಇಲ್ಲದ ಬಾತ್‌ರೂಮಿನಲ್ಲಿ ಕೂತು ಅದೇ ಫೋನ್‌ನಲ್ಲಿ ರಾಡಾರ್ ನೋಡುತ್ತಿರುತ್ತಾನೆ. ಬ್ಯಾಟರಿ ಅವನಿಗೆ ಬೇಕು.